ಎಂಟು ಸ್ವರ ಹತ್ತಿ ಇಳಿದ ಟೈಲರು

ನಾನು ಸುಮ್ಮನೆ ಕೂತರೂ ನಗೆಪಾಟಲು ಮನೆ ಹುಡುಕಿಕೊಂಡು ಬರುತ್ತದೆ ಮಾರಾಯ್ರೇ. ಇನ್ನು ನಲವತ್ತೆಂಟನೇ ವಯಸ್ಸಿಗೆ ಕೀಬೋರ್ಡ್ ಕಲಿಯಲು ಹೊರಟರೆ ಬಿಡುತ್ತದೆಯೇ? ಬೈಂದೂರಿನಲ್ಲಿ ನನ್ನದು ಟೈಲರ್ ಅಂಗಡಿ. ಎದುರಿನ ಮಹಡಿಯಲ್ಲಿ ಬ್ರಹ್ಮಾವರದ ಮೇಡಂ ಒಬ್ಬರು ಪ್ರತಿ ಶನಿವಾರ ಬಂದು ಮಕ್ಕಳಿಗೆ ಕೀಬೋರ್ಡ್ ಪಾಠ ಮಾಡುತ್ತಿದ್ದರು. ಕೇಳಿ ಕೇಳಿ ಆಸೆ ಹುಟ್ಟಿ ನಾನೂ ಸೇರಿದೆ. ಹೆಂಡತಿ ಬಿದ್ದೂ ಬಿದ್ದೂ ನಕ್ಕಳು.

"ಎಂಟ್ ಸ್ವರ ನೀವ್ ನಿಲ್ಸ್ದೆ ಹತ್ತಿ ಇಳ್ದ್ರೆ, ಎಲ್ಲರ ಎದ್ರಿಗೆ ನಾನೇ ಚಪ್ಪಾಳಿ ತಟ್ತೆ!"

ಆ ಚಪ್ಪಾಳೆ ಪಡೆಯದೆ ಬಿಡುವುದಿಲ್ಲ ಎಂದು ನನಗೂ ಹಟ ಬಂತು.

೧. ಓಡಿದ ಕೀಬೋರ್ಡು

ಮೊದಲ ದಿನ ಮೇಡಂ, "ಭುಜ ಸಡಿಲ ಬಿಡಿ, ಬೆರಳು ಮೆತ್ತಗೆ ಇಡಿ" ಎಂದರು. ಮೂವತ್ತು ವರ್ಷ ಹೊಲಿಗೆ ಮಿಷನ್ನಿನಲ್ಲಿ ಬಟ್ಟೆಯನ್ನು ಮುಂದೆ ತಳ್ಳಿದ ಕೈ, ಕೇಳಬೇಕಲ್ಲ! ಪ್ರತಿ ಸ್ವರಕ್ಕೂ ಕೀಬೋರ್ಡನ್ನು ಒಂದಿಷ್ಟು ಮುಂದೆ ನೂಕಿತು. ಐದನೇ ಸ್ವರಕ್ಕೆ ಅದು ಮೇಜಿನ ಅಂಚು ದಾಟಿತು. ಮೇಡಂ ಓಡಿಬಂದು ಹಿಡಿದುಕೊಂಡರು.

"ಟೈಲರ್ರೇ, ನುಡಿಸಿದ್ರೆ ಸಾಕು. ಹೊಲಿಯೂದು ಬೇಡ!"

೨. ರವಿಕೆ ಬಟ್ಟೆ

ಮೂರು ಸ್ವರ ಆದ ಮೇಲೆ ಹೆಬ್ಬೆರಳನ್ನು ಉಳಿದ ಬೆರಳುಗಳ ಅಡಿಯಲ್ಲಿ ನುಸುಳಿಸಿ ನಾಲ್ಕನೆಯದಕ್ಕೆ ದಾಟಿಸಬೇಕು. ಕತ್ತರಿ ಹಿಡಿದು ಹಿಡಿದು ಮರಗಟ್ಟಿದ ನನ್ನ ಹೆಬ್ಬೆರಳು ಅಲ್ಲೇ ಸಿಕ್ಕಿಬೀಳುತ್ತಿತ್ತು. ಅಂಗಡಿಯಲ್ಲೂ ಅದೇ ಧ್ಯಾನ. ಒಂದು ದಿನ ಬಿಜೂರಿನ ಹೆಂಗಸೊಬ್ಬರು ರವಿಕೆ ಬಟ್ಟೆ ತಂದರು. ಮೇಜಿನ ಮೇಲೆ ಹಾಸಿ, ನನಗರಿವಿಲ್ಲದೆ ಅದರ ಮೇಲೇ ಬೆರಳು ಓಡಿಸತೊಡಗಿದೆ. ಅವರು ತಟಕ್ಕನೆ ಬಟ್ಟೆ ಎಳೆದುಕೊಂಡರು.

"ಟೇಪ್ ಇಲ್ದೆ ಬೆರ್ಳಲ್ಲ್ ಅಳ್ದ್ ಹೊಲಿವವ್ರಿಗೆ ನಾ ಬಟ್ಟಿ ಕೊಡ್ತಿಲ್ಲೆ ಮರಾಯ್ರೆ!"

೩. ಚಪ್ಪಾಳೆ

ವರ್ಷದ ಕೊನೆಗೆ ಮಕ್ಕಳ ಕಾರ್ಯಕ್ರಮ. ನಡುವೆ ನರೆತ ತಲೆಯ ನಾನೊಬ್ಬ. ಹೆಂಡತಿ ಎದುರು ಸಾಲಿನಲ್ಲೇ ಕೂತಿದ್ದಳು. ಭುಜ ಸಡಿಲ ಬಿಟ್ಟು ಮೆಲ್ಲ ಶುರು ಮಾಡಿದೆ. ಮೂರು ಸ್ವರ ಆಯಿತು. ಅಬ್ಬಾ, ಹೆಬ್ಬೆರಳು ಸಲೀಸಾಗಿ ನುಸುಳಿತು!

ಅದೇ ಹೊತ್ತಿಗೆ ಕರೆಂಟು ಹೋಯಿತು. ಹಗಲು ಹೊತ್ತು, ಎಲ್ಲ ಕಾಣುತ್ತಿತ್ತು. ಕೀಬೋರ್ಡು ಮಾತ್ರ ಮೂಕ. ಬೆರಳು ನಿಲ್ಲಿಸಲಿಲ್ಲ. ಆದರೆ ಸದ್ದು ನಿಂತರೆ ಮಿಷನ್ ನಿಂತಿತೆಂದೇ ನನ್ನ ಕಾಲಿಗೆ ಗೊತ್ತು. ಮೇಜಿನಡಿ ಎರಡೂ ಕಾಲು ಇಲ್ಲದ ಪೆಡಲನ್ನು ಜೋರಾಗಿ ಮೆಟ್ಟತೊಡಗಿದವು. ಸಭೆಯಿಡೀ ಗೊಳ್ಳೆಂದಿತು.

ಪಕ್ಕದಲ್ಲಿ ನಿಂತು ನನ್ನ ಬೆರಳನ್ನೇ ನೋಡುತ್ತಿದ್ದ ಮೇಡಂ, "ಹತ್ತಿ ಇಳಿದಾಯ್ತು! ಒಂದೂ ತಪ್ಪಿಲ್ಲ!" ಎಂದು ಕೂಗಿದರು.

ಹೆಂಡತಿ ಎದ್ದು ನಿಂತು, ಮಾತು ಕೊಟ್ಟ ಹಾಗೆ ಚಪ್ಪಾಳೆ ತಟ್ಟಿದಳು.

"ಹ್ವಾಯ್, ಸ್ವರದ್ ಸುದ್ದಿ ನಂಗ್ ಗೊತ್ತಿಲ್ಲೆ. ಪೆಡ್ಲ್ ಮಾತ್ರ ಭಾರಿ ಲಾಯ್ಕ್ ಮೆಟ್ಟಿದ್ರಿ!"