ಅದೆರಡನ್ನೂ ತೆಗೆದುಬಿಡಿ

ಸೆಕೆ ತಡೆಯಲಾರದೆ ಮೊಲ ಹಿಂಗಾಲು ಚಾಚಿ ಮಲಗಿದ್ದೇ ಮೇಷ್ಟ್ರ ಗ್ರಹಚಾರಕ್ಕೆ ಮೂಲವಾಯಿತು. ಸೊಪ್ಪು ಹಾಕಲು ಬಗ್ಗಿದವರಿಗೆ ಅದರ ಬಾಲದ ಕೆಳಗೆ ಎರಡು ಉಬ್ಬು ಕಂಡವು. “ಅಯ್ಯೋ!” ಎಂದು ಕೂಗಿಕೊಂಡರು.

ಮೊಲ ಅತ್ತೆಯವರದು. ಮನೆಯೂ ಅವರದೇ. ಮಗಳನ್ನು ಕರೆದುಕೊಂಡು ವಾರದ ಮಟ್ಟಿಗೆ ಹೊರಟಾಗ, “ಅಳಿಯಂದ್ರೇ, ನನ್ನ ಬಂಗಾರಕ್ಕೆ ಏನಾದ್ರೂ ಆಯ್ತೋ, ನೀವು ಬೇರೆ ಮನೆ ನೋಡ್ಕೊಳ್ಳಿ” ಎಂದಿದ್ದರು. ತಮಾಷೆಗಲ್ಲ, ಅತ್ತೆಯವರಿಗೆ ತಮಾಷೆ ಬರುವುದಿಲ್ಲ. ಅವರು ವಾಪಸಾಗುವುದು ಇವತ್ತು ಸಂಜೆಯೇ.

ಮೇಷ್ಟ್ರ ಕೂಗಿಗೆ ಪಕ್ಕದ ಮನೆಯ ನಿವೃತ್ತ ಕಂಪೌಂಡರು ಕನ್ನಡಕ ಏರಿಸಿಕೊಂಡು ಬಂದರು. “ಅಯ್ಯಯ್ಯೋ, ಗಡ್ಡೆ ಕಣ್ರೀ! ಒಂದಲ್ಲ, ಎರಡೆರಡು! ಹೆಣ್ಣು ಮೊಲಕ್ಕೆ ಇದು ಬರೋದು ಜಾಸ್ತಿ.”

ಹೆಣ್ಣೋ ಗಂಡೋ ಮೇಷ್ಟ್ರು ಯೋಚಿಸಿಯೇ ಇರಲಿಲ್ಲ. ಕಚ್ಚುತ್ತದೆಂದು ಮೂರು ವರ್ಷದಿಂದ ಅದನ್ನು ಮುಟ್ಟಿದವರೂ ಅಲ್ಲ. ಮೊಲ ಎಂದರೆ ‘ಅದು’, ನಪುಂಸಕಲಿಂಗ; ಶಾಲೆಯಲ್ಲಿ ವ್ಯಾಕರಣದ ಪಾಠದಲ್ಲಿ ಮಕ್ಕಳಿಗೂ ಹಾಗೆಯೇ ಬಾಯಿಪಾಠ ಮಾಡಿಸಿದ್ದರು.

ಮಹಡಿ ಮೇಲಿನ ಟೈಲರಮ್ಮ ಇಳಿದು ಬಂದರು. “ಶ್! ಆ ಹೆಸರು ಅದರ ಎದುರಿಗೆ ಎತ್ತಬೇಡಿ! ಮೊಲದ್ದು ಪುಕ್ಕಲು ಜೀವ. ಕೇಳಿಸ್ಕೊಂಡ್ರೆ ಹೆದರ್ಕೊಂಡೇ ಸತ್ತೋಗತ್ತೆ.”

ಅಷ್ಟರಲ್ಲಿ ಹೆಂಡತಿಯ ಫೋನು. “ರೀ, ಅಮ್ಮ ಕೇಳ್ತಿದಾರೆ, ಅದು ಹೇಗಿದೆ?”

“ಅದಾ? ಅದು... ಮಲಗಿದೆ.” ಮೇಷ್ಟ್ರು ಅಷ್ಟಕ್ಕೇ ಫೋನು ಇಟ್ಟುಬಿಟ್ಟರು.

ಶಾಲೆಗೆ ರಜೆ ಹಾಕಿ, ಮೊಲವನ್ನು ತರಕಾರಿ ಬುಟ್ಟಿಯಲ್ಲಿಟ್ಟುಕೊಂಡು ದನದ ಡಾಕ್ಟರ ಹತ್ತಿರ ಓಡಿದರು. ಅಲ್ಲಿ ಸಾಲಾಗಿ ಕೂತಿದ್ದ ನಾಯಿಗಳನ್ನು ನೋಡಿ ಮೊಲಕ್ಕಿಂತ ಹೆಚ್ಚು ನಡುಗಿದವರು ಮೇಷ್ಟ್ರೇ.

“ಏನಾಗ್ಬೇಕಿತ್ತು?” ಎಂದರು ಡಾಕ್ಟರು.

ಮೊಲದ ಕಿವಿ ನೆಟ್ಟಗಿತ್ತು. ಮೇಷ್ಟ್ರು ಡಾಕ್ಟರ ಕಿವಿಯಲ್ಲಿ, “ಅದೆರಡನ್ನೂ ತೆಗೆದುಬಿಡಿ. ಸಂಜೆಯೊಳಗೆ” ಎಂದು ಪಿಸುಗುಟ್ಟಿದರು.

ಡಾಕ್ಟರು ಮೊಲವನ್ನು ಎತ್ತಿ ನೋಡಿದರು. “ಎರಡೂ ತಾನೆ?”

“ದಮ್ಮಯ್ಯ, ಒಂದೂ ಉಳಿಸ್ಬೇಡಿ!”

“ಅಷ್ಟೊಂದು ಗಾಬರಿ ಯಾಕ್ರೀ? ದಿನಾ ಮಾಡೋ ಕೆಲಸ.”

ಬಾಗಿಲು ಮುಚ್ಚಿತು. ಹೊರಗೆ ಮೇಷ್ಟ್ರು ಬೆವರಿನಲ್ಲಿ ಮಿಂದು ಹೋದರು. ಅದು ಕಣ್ಣು ಬಿಡದಿದ್ದರೆ? ಈ ವಯಸ್ಸಿನಲ್ಲಿ ಹಾಸಿಗೆ ಸುತ್ತಿಕೊಂಡು ಎಲ್ಲಿಗೆ ಹೋಗುವುದು?

ಮಧ್ಯಾಹ್ನ ಡಾಕ್ಟರು ಕೈ ಒರೆಸಿಕೊಳ್ಳುತ್ತ ಬಂದರು. “ಆಯ್ತು. ಇನ್ಮೇಲೆ ಸಾಧು ಆಗತ್ತೆ ನೋಡಿ.”

“ಮತ್ತೆ ಬೆಳೆಯಲ್ಲ ತಾನೆ?”

ಡಾಕ್ಟರು ಅವರನ್ನು ಒಂಥರಾ ನೋಡಿ, “ಇಲ್ಲಪ್ಪ, ಬೆಳೆಯಲ್ಲ” ಎಂದರು.

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಸಂಜೆ ಅತ್ತೆಯವರು ಬರುವಾಗ, ತಮ್ಮ ಸಾಹಸಕ್ಕೆ ಸಾಕ್ಷಿಯಿರಲೆಂದು ಕಂಪೌಂಡರನ್ನೂ ಟೈಲರಮ್ಮನನ್ನೂ ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದರು. “ಅತ್ತೆ, ದೊಡ್ಡ ಗಂಡಾಂತರ ಒಂದು...”

“ಆಮೇಲೆ ಹೇಳಿ!” ಅತ್ತೆಯವರ ಮುಖ ಅರಳಿತ್ತು, ಕೈಯಲ್ಲೊಂದು ಬುಟ್ಟಿ. “ವಾರವೆಲ್ಲಾ ಅಲೆದು ನನ್ನ ಬಂಗಾರಕ್ಕೆ ಕೊನೆಗೂ ಒಂದು ಒಳ್ಳೇ ಹೆಣ್ಣು ಹುಡುಕ್ಕೊಂಡು ಬಂದಿದೀನಿ. ಇನ್ನೊಂದೇ ತಿಂಗಳು, ಮನೆ ತುಂಬ ಮರಿ!”

ಬುಟ್ಟಿಯಿಂದ ಬಿಳಿ ಮೊಲವೊಂದು ಇಣುಕಿತು. ಕಂಪೌಂಡರಿಗೆ ತಟ್ಟನೆ ಕೆಮ್ಮು ಬಂತು. ಟೈಲರಮ್ಮನಿಗೆ ಯಾವುದೋ ರವಿಕೆ ನೆನಪಾಯಿತು. ಇಬ್ಬರೂ ಮಾಯ.

“ಹೆಣ್ಣಾ?” ಮೇಷ್ಟ್ರು ಗೂಡಿನ ಕಡೆ ನೋಡಿದರು. “ಹಾಗಾದ್ರೆ ನಮ್ಮದು...”

“ಗಂಡಲ್ವೇನ್ರೀ! ಇಷ್ಟು ದಿನ ಸೊಪ್ಪು ಹಾಕಿದೀರಿ, ಕಣ್ಣು ಕಾಣ್ಸಲ್ವಾ?”

ಅತ್ತೆಯವರು ಗೂಡಿಗೆ ಕೈಹಾಕಿ ಬಂಗಾರವನ್ನು ಎತ್ತಿ ಮುದ್ದಾಡಿದರು. ತಿರುಗಿಸಿ ನೋಡಿದರು. ಮತ್ತೊಮ್ಮೆ ನೋಡಿದರು.

“ಅಳಿಯಂದ್ರೇ, ಅದೆರಡು ಎಲ್ಲಿ?”

ಮೇಷ್ಟ್ರು ಮೆಲ್ಲಗೆ ಚಪ್ಪಲಿ ಮೆಟ್ಟಿಕೊಂಡರು. ಬಾಡಿಗೆ ಮನೆ ಹುಡುಕಲು ಹೊರಗೆ ಇನ್ನೂ ಸ್ವಲ್ಪ ಬೆಳಕಿತ್ತು.