ಅಣ್ಣನ ಕೈಯನ್ನೇ ಮಸುಕು ಮಾಡುವ ಜೂಮ್ ಕ್ಯಾಮೆರಾ ಮಹಾಶಯರಿಗೆ

ಮಾನ್ಯರೇ,

ಚಂದ್ರನ ಮೈಮೇಲಿನ ಗುಳಿಗಳನ್ನು ಎಣಿಸಿ ತೋರಿಸಬಲ್ಲ, ಮೂರು ಬೀದಿ ಆಚೆಯ ನೀರಿನ ಟ್ಯಾಂಕಿನ ಮೇಲೆ ಕುಳಿತ ಕಾಗೆ ಯಾರ ಮನೆಯ ಕಡೆ ನೋಡುತ್ತಿದೆ ಎಂಬುದನ್ನೂ ಹೇಳಬಲ್ಲ, ಇಷ್ಟೆಲ್ಲ ಪ್ರತಾಪವಿದ್ದೂ ನನ್ನಂಥವನ ಕೈಗೆಟಕುವ ಬೆಲೆಗೆ ಬರಲು ಒಪ್ಪಿದ ನಿಗರ್ವಿಗಳಾದ ತಮಗೆ, ಕನ್ನಡಕದ ಅಂಗಡಿಯವನೂ ಛಾಯಾಗ್ರಾಹಕರ ಸಾಲಿನಲ್ಲಿ ಕಟ್ಟಕಡೆಯವನೂ ಆದ ನಾನು ತಲೆಬಾಗಿ ವಂದಿಸುತ್ತೇನೆ. ತಾವು ಈಗ ಊಟದ ಮೇಜಿನ ಮೇಲೆ ಮುಚ್ಚಳ ಹಾಕಿಕೊಂಡು ಕ್ಷೇಮವಾಗಿದ್ದೀರಿ, ನಾನು ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಕುಳಿತಿದ್ದೇನೆ. ಇಷ್ಟು ಹತ್ತಿರವಿದ್ದೂ ಬಹಿರಂಗ ಪತ್ರ ಬರೆಯಬೇಕಾಗಿ ಬಂದದ್ದೇಕೆಂದರೆ, ಎದುರಿಗೇ ಹೇಳಲು ಹೋದಾಗಲೆಲ್ಲ ತಾವು ಬ್ಯಾಟರಿ ಮುಗಿಯಿತೆಂದು ಕಣ್ಣು ಮುಚ್ಚಿಕೊಂಡುಬಿಡುತ್ತೀರಿ.

ಮೊದಲಿಗೆ ತಮ್ಮ ಗುಣಗಾನ ಮಾಡುವುದು ಧರ್ಮ. ತಮ್ಮನ್ನು ಮಾರಿದ ಅಂಗಡಿಯಾಕೆ "ಇದೊಂದಿದ್ರೆ ನೀವು ಎಲ್ಲೂ ಹೋಗೋದೇ ಬೇಡ ಸಾರ್, ಎಲ್ಲಾ ನಿಮ್ಮ ಹತ್ರಾನೇ ಬರತ್ತೆ" ಎಂದು ಹೇಳಿದ್ದನ್ನು ನಾನು ಅಕ್ಷರಶಃ ನಂಬಿ, ಅಂದಿನಿಂದ ಒಂದು ಹೆಜ್ಜೆಯನ್ನೂ ಎತ್ತಿಡದೆ, ನಮ್ಮ ಮನೆಯ ಮಾಳಿಗೆಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ತಮ್ಮ ಮೂತಿಯನ್ನು ಅದು ಎಷ್ಟು ಉದ್ದ ಚಾಚುತ್ತದೋ ಅಷ್ಟೂ ಚಾಚಿಸಿಯೇ ಲೋಕವನ್ನು ನೋಡತೊಡಗಿದೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ಹಿರಿಯರು ಹೇಳಿದ್ದರು, ತಾವು ಅದರ ಪ್ರತಿಯೊಂದು ಕಲ್ಲನ್ನೂ ತೋರಿಸಿ ಹಿರಿಯರ ಮಾತನ್ನೇ ಮುಗಿಸಿಬಿಟ್ಟಿರಿ. ನನ್ನ ಹೆಂಡತಿಯ ಹುಟ್ಟುಹಬ್ಬದ ದಿನವೂ ನಾನು ಪೂರ್ತಿ ಜೂಮ್ ಬಿಡಲೊಲ್ಲದೆ ಓಣಿಯಾಚೆ ನಿಂತು, ತೆರೆದ ಬಾಗಿಲಿನೊಳಗಿಂದ ಚಿತ್ರ ತೆಗೆದದ್ದರಿಂದ, ಅವಳ ಎಡಗಿವಿ ಓಲೆಯ ಸಮೇತ ಬಹಳ ಸೊಗಸಾಗಿ ಬಂದಿತು, ಉಳಿದ ಹೆಂಡತಿ ಬರಲಿಲ್ಲ. ಅವಳು ಅದನ್ನು ನೋಡಿ "ಹುಟ್ಟುಹಬ್ಬ ನನ್ನ ಕಿವಿಗೆ ಅಂತ ಮೊದ್ಲೇ ಹೇಳಿದ್ರೆ ತಲೆ ಬಾಚೋ ಶ್ರಮ ತಪ್ತಿತ್ತು ಕಣ್ರೀ" ಎಂದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನನಗೂ ಗೊತ್ತಿರುವುದರಿಂದ ಆ ವಿಷಯದಲ್ಲಿ ತಮ್ಮ ಮೇಲೆ ದೂರಿಲ್ಲ.

ದೂರಿರುವುದು ಬೇರೆಯ ವಿಷಯದಲ್ಲಿ. ತಮ್ಮ ಪೆಟ್ಟಿಗೆಯ ಮೇಲೆ ಹೊಳೆಯುವ ಅಕ್ಷರಗಳಲ್ಲಿ, ತಮ್ಮೊಳಗೆ ನಡುಕವನ್ನು ತಡೆಯುವ ಅಮೋಘ ವ್ಯವಸ್ಥೆಯೊಂದಿದೆ, ಹಿಡಿದ ಕೈ ಎಷ್ಟೇ ಅಲುಗಿದರೂ ಚಿತ್ರ ಅಲುಗುವುದಿಲ್ಲ ಎಂದು ಬರೆದಿದೆ. ಈ ಭರವಸೆಯನ್ನು ಕಣ್ಣಿಗೊತ್ತಿಕೊಂಡೇ ನಾನು ಒಂದು ಬೆಳಿಗ್ಗೆ ಎದುರು ಮನೆಯ ಬಾಲ್ಕನಿಯ ಕಂಬಿಯ ಮೇಲೆ ಕುಳಿತ ಗುಬ್ಬಚ್ಚಿಯತ್ತ ತಮ್ಮನ್ನು ತಿರುಗಿಸಿದೆ. ಆ ಬಾಲ್ಕನಿ ನನ್ನ ಅಣ್ಣನದು. ತಮಗೆ ಗೊತ್ತಿರಲಿ, ನಾವಿಬ್ಬರೂ ಮಾತು ಬಿಟ್ಟಿದ್ದೇವೆ, ಅಂದರೆ ಆಗ ಬಿಟ್ಟಿದ್ದೆವು.

ಕಾರಣವನ್ನೂ ಹೇಳಿಬಿಡುತ್ತೇನೆ, ಮನೆಗೆ ಬಂದವರಿಂದ ಮನೆಯ ಸಂಗತಿ ಮುಚ್ಚಿಟ್ಟು ಏನು ಪ್ರಯೋಜನ. ಅಣ್ಣ ಅಂಗಡಿಗಳಿಗೆ ಬೋರ್ಡ್ ಬರೆಯುವವನು. ಸ್ಕೇಲು ಇಲ್ಲದೆ, ದಾರ ಹಿಡಿಯದೆ, ಏಣಿಯ ಮೇಲೆ ನಿಂತು ಬರಿಗೈಯಲ್ಲಿ ಗೆರೆ ಎಳೆದನೆಂದರೆ ನೋಡುವವರು ಸ್ಕೇಲು ತಂದು ಇಟ್ಟು ನೋಡಿ ತಲೆದೂಗಿ ಹೋಗುತ್ತಿದ್ದರು. ನನ್ನ ಹಳೆಯ ಅಂಗಡಿಯ ಬೋರ್ಡೂ ಅವನದೇ. ಆ ಗೋಡೆಯ ಮೇಲೇ ಬರೆದದ್ದಾದ್ದರಿಂದ, ಅಂಗಡಿ ಪಕ್ಕದ ಬೀದಿಗೆ ಬದಲಾದಾಗ ಅದನ್ನು ಹೊತ್ತು ತರಲಾಗದೆ ಹೊಸದೊಂದು ಬರೆದುಕೊಡು ಎಂದು ಕೇಳಿದೆ. ನಾಳೆ ಎಂದ, ಬರುವ ವಾರ ಎಂದ, ಕೊನೆಗೆ ನನ್ನ ಮುಖವನ್ನೂ ನೋಡದೆ "ನಂಗೆ ಪುರುಸೊತ್ತಿಲ್ಲ ಕಣೋ, ಪ್ರಿಂಟ್ ಹಾಕಿಸ್ಕೋ ಹೋಗು" ಎಂದುಬಿಟ್ಟ. ಊರಿಗೆಲ್ಲ ಬರೆದುಕೊಟ್ಟವನಿಗೆ ಒಡಹುಟ್ಟಿದ ತಮ್ಮನಿಗೆ ಬರೆಯಲು ಪುರುಸೊತ್ತಿಲ್ಲವೇ ಎಂದು ನನ್ನ ಹೊಟ್ಟೆ ಉರಿದುಹೋಯಿತು. ಪ್ರಿಂಟ್ ಬೋರ್ಡನ್ನು ಅವನಿಗೆ ಕಾಣುವಂತೆ, ಬೇಕೆಂದೇ ಎರಡು ಅಳತೆ ದೊಡ್ಡದಾಗಿ ಹಾಕಿಸಿದೆ. ಅಂದಿನಿಂದ ಬೀದಿಯಲ್ಲಿ ಎದುರಾದರೆ ಇಬ್ಬರೂ ಆಕಾಶದಲ್ಲಿ ಏನೋ ಕಳೆದುಕೊಂಡವರ ಹಾಗೆ ಮೇಲೆ ನೋಡುತ್ತ ಹೋಗುತ್ತಿದ್ದೆವು.

ಹೀಗಿರುವಾಗ ಗುಬ್ಬಚ್ಚಿಯ ಚಿತ್ರದೊಳಗೆ ಅಣ್ಣ ಬಂದದ್ದು ಆಕಸ್ಮಿಕ. ಮಾರನೆಯ ದಿನದಿಂದ ಅಣ್ಣನ ಚಿತ್ರದೊಳಗೆ ಗುಬ್ಬಚ್ಚಿ ಬಾರದೆ ಹೋದದ್ದೂ ಆಕಸ್ಮಿಕವೇ ಎಂದು ನಾನು ಹೆಂಡತಿಗೆ ಹೇಳಿದ್ದೇನೆ, ತಾವೂ ಹಾಗೆಯೇ ಹೇಳಬೇಕಾಗಿ ಪ್ರಾರ್ಥನೆ. ಬೆಳಿಗ್ಗೆ ಅವನು ಚಹಾದ ಲೋಟ ಹಿಡಿದು ಬರುತ್ತಿದ್ದ, ಕುಂಡಗಳಿಗೆ ನೀರು ಹಾಕುತ್ತಿದ್ದ, ತಟ್ಟೆಯಲ್ಲಿ ಕಾಳು ಹರವುತ್ತಿದ್ದ. ಯಾವತ್ತೂ ಬಣ್ಣ ಮೆತ್ತಿದ ಬನಿಯನ್ನಿನಲ್ಲೇ ತಿರುಗುತ್ತಿದ್ದ ಮನುಷ್ಯ ಗಿಡಕ್ಕೆ ನೀರು ಹಾಕಲು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿಕೊಂಡು ಬರತೊಡಗಿದ್ದನ್ನು ಕಂಡು, ವಯಸ್ಸಾದ ಮೇಲೆ ಶೋಕಿ ಹೆಚ್ಚಾಗಿದೆ ಎಂದು ನಾನು ಹಲ್ಲು ಕಡಿದದ್ದೂ ಉಂಟು.

ಮಾನ್ಯರೇ, ತಮ್ಮ ಅಪರಾಧ ಇರುವುದು ಇಲ್ಲಿಯೇ. ತೆಗೆದ ಪ್ರತಿಯೊಂದು ಚಿತ್ರದಲ್ಲೂ ಗೋಡೆ ಸ್ಪಷ್ಟ, ಕುಂಡ ಸ್ಪಷ್ಟ, ಅಣ್ಣನ ಹುಬ್ಬಿನ ನರೆಗೂದಲೂ ಸ್ಪಷ್ಟ, ಬಲಗೈ ಮಾತ್ರ ಮಸುಕು. ತಮ್ಮ ನಡುಕ ತಡೆಯುವ ವ್ಯವಸ್ಥೆ ಕೆಟ್ಟಿದೆ ಎಂದು ನಾನು ತೀರ್ಮಾನಿಸಿದೆ. ತಮ್ಮನ್ನು ಸ್ಟೂಲಿನ ಮೇಲಿಟ್ಟ ಅಕ್ಕಿಯ ಚೀಲದ ಮೇಲೆ ಕೂರಿಸಿದೆ, ಗುಂಡಿ ಒತ್ತುವಾಗ ಉಸಿರು ಬಿಗಿಹಿಡಿದೆ, ಹಿಡಿದದ್ದು ಎಷ್ಟು ಹೊತ್ತಾಯಿತೆಂದರೆ ಹೆಂಡತಿ ಗಾಬರಿಯಾಗಿ ನೀರು ತಂದಳು. ಏನು ಮಾಡಿದರೂ ಕೈ ಮಸುಕೇ. ತಮ್ಮನ್ನು ಬದಲಾಯಿಸಿಕೊಡಲೇಬೇಕೆಂದು ಅಂಗಡಿಯವರ ಮುಂದೆ ಸಾಕ್ಷಿಗಾಗಿ ಹಿಡಿಯಲು ಆ ಚಿತ್ರಗಳನ್ನೆಲ್ಲ ದೊಡ್ಡದಾಗಿ ಮುದ್ರಿಸಿ ತಂದು ಈ ಮೇಜಿನ ಮೇಲೆ ಹರಡಿ, ಇನ್ನೇನು ಹೊರಡುವವನಿದ್ದೆ.

ನನ್ನ ಹೆಂಡತಿ ಒಂದೊಂದನ್ನೂ ಎತ್ತಿ ನೋಡಿದಳು. "ಕ್ಯಾಮೆರಾ ಅಲ್ಲಾಡಿದ್ರೆ ಗೋಡೆನೂ ಅಲ್ಲಾಡ್ಬೇಕಿತ್ತಲ್ರೀ" ಎಂದಳು. ಆಮೇಲೆ ದನಿ ತಗ್ಗಿಸಿ, "ಗೋಡೆ ನೆಟ್ಟಗಿದೆ. ಭಾವನ ಕೈಯೇ ನಡುಗ್ತಾ ಇದೆ" ಎಂದಳು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ನನಗೆ ಕನ್ನಡಿಯೂ ಸಾಲದೆ, ಚಂದ್ರನವರೆಗೆ ನೋಡುವ ಯಂತ್ರ ಬೇಕಾಯಿತು, ಅದು ತೋರಿಸಿದ ಮೇಲೂ ಯಂತ್ರವೇ ಕೆಟ್ಟಿದೆ ಎಂದೆ. ಬೆಳಗಿನಿಂದ ಸಂಜೆಯವರೆಗೆ ಬಂದವರ ಕಣ್ಣ ಮುಂದೆ ಗಾಜು ಹಿಡಿದು, ಈಗ ಕಾಣುತ್ತಿದೆಯೇ, ಈಗ ಇನ್ನೂ ಚೆನ್ನಾಗಿ ಕಾಣುತ್ತಿದೆಯೇ ಎಂದು ಕೇಳುವುದು ನನ್ನ ಕಸುಬು. ಅವನ ಪುರುಸೊತ್ತಿಲ್ಲ ಎಂಬ ಮಾತಿನ ಅರ್ಥ ನನಗೆ ಆಗ ಹೊಳೆದು, ಊಟದ ಮೇಜಿನ ಮುಂದೆ ಕುಳಿತು ಅತ್ತುಬಿಟ್ಟೆ. ಏಣಿಯ ಮೇಲೆ ಬರಿಗೈಯಲ್ಲಿ ಗೆರೆ ಎಳೆದವನು, ಕೈ ನಡುಗುತ್ತದೆ ಎಂದು ತಮ್ಮನ ಮುಂದೆ ಹೇಗೆ ತಾನೇ ಹೇಳಿಯಾನು? ಜಗಳವೇ ಲೇಸು ಎಂದುಕೊಂಡಿರಬೇಕು.

ಕೂಡಲೇ ರಸ್ತೆ ದಾಟಿ ಹೋದೆ. ತಾವೂ ನನ್ನ ಕೊರಳಲ್ಲಿ ಜೋತಾಡುತ್ತ ಬಂದಿರಿ. ಬಾಗಿಲು ತೆರೆದ ಅಣ್ಣನ ಮುಂದೆ ತಮ್ಮನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡೆ. ಅಭ್ಯಾಸಬಲದಿಂದ ಬೆರಳು ಪೂರ್ತಿ ಜೂಮಿಗೇ ಹೋಯಿತು, ತಮ್ಮ ಮೂತಿ ಅಣ್ಣನ ಗಲ್ಲಕ್ಕೆ ತಾಗುವಷ್ಟು ಮುಂದೆ ಬಂದಿತು. ಬೆಟ್ಟವನ್ನೂ ಚಂದ್ರನನ್ನೂ ಕ್ಷಣದಲ್ಲಿ ಗುರುತು ಹಿಡಿಯುವ ತಾವು, ಒಂದು ಮೊಳ ದೂರದಲ್ಲಿ ನಿಂತ ನನ್ನ ಅಣ್ಣನನ್ನು ಗುರುತು ಹಿಡಿಯಲಾರದೆ ಒಳಗೊಳಗೇ ಗೊರಗೊರ ಎನ್ನುತ್ತ ತಡಕಾಡಿದಿರಿ. ಅಣ್ಣ ತಮ್ಮ ಮೂತಿಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, "ಅಲ್ವೋ, ಇಷ್ಟು ಹತ್ರ ಬಂದ್ರೆ ಏನ್ ಬರತ್ತೋ ಅದ್ರಲ್ಲಿ? ನಿನ್ ಮಾಳಿಗೆ ಮೇಲಿಂದಾನೇ ಚೆನ್ನಾಗಿ ತೆಗೀತಿದ್ದೆ" ಎಂದ.

ಅವನಿಗೆ ಮೊದಲ ದಿನದಿಂದಲೇ ಗೊತ್ತಿತ್ತಂತೆ. ಗುಬ್ಬಚ್ಚಿ ಬಾರದಿದ್ದರೆ ನಾನೂ ಬರಲಿಕ್ಕಿಲ್ಲ ಎಂದೇ ಕಾಳು ಹಾಕುತ್ತಿದ್ದನಂತೆ. ಆ ಅಂಗಿಗಳು ಯಾರಿಗೆಂದು ನಾನು ಕೇಳಲಿಲ್ಲ.

ಆದ್ದರಿಂದ ಮಾನ್ಯರೇ, ತಮ್ಮ ಸನ್ನಿಧಿಯಲ್ಲಿ ನನ್ನ ಬೇಡಿಕೆ ಬಹಳ ಚಿಕ್ಕದು. ತಮ್ಮೊಳಗೆ ಅಡಗಿರುವ ಆ ನಡುಕ ತಡೆಯುವ ಬಿಡಿಭಾಗವನ್ನು ದಯಮಾಡಿ ಹೊರತೆಗೆದು ನನ್ನ ಅಣ್ಣನ ಬಲ ಮಣಿಕಟ್ಟಿಗೆ ಜೋಡಿಸಿಕೊಡಬೇಕು. ವೈದ್ಯರು ಮಾತ್ರೆಯಿಂದ ಕಡಿಮೆಯಾದೀತು, ಪೂರ್ತಿ ಹೋಗದು ಎಂದಿದ್ದಾರೆ, ಆದರೆ ಅವರು ತಮ್ಮ ಪೆಟ್ಟಿಗೆಯ ಮೇಲಿನ ಬರಹವನ್ನು ಓದಿದವರಲ್ಲ. ಅದು ಸಾಧ್ಯವಾಗದಿದ್ದರೆ, ಅಣ್ಣತಮ್ಮಂದಿರು ಆಕಾಶ ನೋಡುತ್ತ ಕಳೆದ ಬೆಳಗುಗಳನ್ನಾದರೂ ತಮ್ಮ ನೆನಪಿನ ಕಾರ್ಡಿನಿಂದ ಅಳಿಸಿ, ಆ ಜಾಗವನ್ನು ನಮಗೆ ಮರಳಿ ಕೊಡಬೇಕು. ಅದೂ ಆಗದು ಎಂದಾದರೆ, ಹತ್ತಿರದವರನ್ನು ನೋಡುವುದಕ್ಕೆ ಮೂತಿಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕು ಎಂಬ ಮಾತನ್ನು ಕೈಪಿಡಿಯ ಕೊನೆಯಲ್ಲಿ ಹುದುಗಿಸಿಡದೆ ಪೆಟ್ಟಿಗೆಯ ಮೇಲೆಯೇ, ಚಂದ್ರನ ಚಿತ್ರದ ಪಕ್ಕದಲ್ಲಿ, ದಪ್ಪ ಅಕ್ಷರಗಳಲ್ಲಿ ಬರೆಸಬೇಕಾಗಿ ವಿನಂತಿ.

ತಮ್ಮನ್ನು ಬದಲಾಯಿಸುವ ವಿಚಾರವನ್ನು ಸದ್ಯಕ್ಕೆ ಕೈಬಿಟ್ಟಿರುವ,
ತಮ್ಮ ವಿಶ್ವಾಸಿ,
ಎದುರು ಮಾಳಿಗೆಯ ಪ್ಲಾಸ್ಟಿಕ್ ಕುರ್ಚಿಯವನು

ತಾ.ಕ.: ಪ್ರಿಂಟ್ ಬೋರ್ಡನ್ನು ಇಳಿಸಿದ್ದೇನೆ. ಬೇಡವೆಂದು ಬೈಯುತ್ತಲೇ ಅಣ್ಣ ಹೊಸ ಬೋರ್ಡ್ ಬರೆದುಕೊಟ್ಟ, ಏಣಿ ಬೇಡವೆಂದು ಹಲಗೆಯನ್ನು ಇದೇ ಮೇಜಿನ ಮೇಲೆ ಮಲಗಿಸಿದ್ದೆವು. ಗೆರೆಗಳೆಲ್ಲ ಅಲೆಅಲೆಯಾಗಿವೆ. ದಾರಿಹೋಕರು ಅದರ ಮುಂದೆ ನಿಂತು, ಕಣ್ಣುಜ್ಜಿಕೊಂಡು, ಗಾಬರಿಯಿಂದ ಒಳಗೆ ಬಂದು "ಸಾರ್, ಅಕ್ಷರ ಎಲ್ಲಾ ಅಲ್ಲಾಡಿದ ಹಾಗೆ ಕಾಣ್ತಿದೆ, ಸ್ವಲ್ಪ ಕಣ್ಣು ನೋಡಿ" ಎನ್ನುತ್ತಾರೆ. ಇಷ್ಟು ಗಿರಾಕಿಗಳನ್ನು ಆ ನೆಟ್ಟನೆಯ ಪ್ರಿಂಟ್ ಬೋರ್ಡ್ ಎಂದೂ ಕರೆತಂದಿರಲಿಲ್ಲ. ತಾವು ಅದರ ಚಿತ್ರ ತೆಗೆಯುವಾಗ ದಯವಿಟ್ಟು ತಮ್ಮ ಜಾಣತನವನ್ನು ತೋರಿಸಿ ಗೆರೆಗಳನ್ನು ನೆಟ್ಟಗೆ ಮಾಡಲು ಹೋಗಬೇಡಿ. ನಾನು ಬಂದವರ ಕಣ್ಣನ್ನು ಶ್ರದ್ಧೆಯಿಂದ ಪರೀಕ್ಷಿಸಿ, ನಿಮ್ಮ ಕಣ್ಣು ಚೆನ್ನಾಗಿದೆ, ಬೋರ್ಡೇ ಹಾಗೆ, ನಮ್ಮಣ್ಣ ಬರೆದದ್ದು ಎಂದು ಹೇಳಿ ಕಳುಹಿಸುತ್ತೇನೆ.