ಮದುವೆ ಎಡಕ್ಕೆ, ಮಣ್ಣು ಬಲಕ್ಕೆ

ನನ್ನ ಅಂಗಡಿಯಲ್ಲಿ ಸತ್ತವರೆಲ್ಲ ಒಂದೇ ಕೋಟು ಹಾಕಿಕೊಳ್ಳುತ್ತಾರೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನೀಲಿ ಕೋಟು, ಒಳಗೆ ಬಿಳಿ ಅಂಗಿ. ಚಳ್ಳಕೆರೆಯಲ್ಲಿ ಲಗ್ನಪತ್ರಿಕೆ ಮತ್ತು ಫ್ಲೆಕ್ಸ್ ಮಾಡಿಕೊಡುವ ಅಂಗಡಿ ನನ್ನದು. ಬದುಕಿದ್ದಾಗ ಒಂದು ನೆಟ್ಟಗಿನ ಫೋಟೋ ತೆಗೆಸಿಕೊಳ್ಳಬೇಕು ಎಂದು ನಮ್ಮ ಕಡೆಯ ಜನಕ್ಕೆ ಅನ್ನಿಸುವುದೇ ಇಲ್ಲ. ಹಾಗಾಗಿ ಯಾರಾದರೂ ತೀರಿಕೊಂಡಾಗ ಮನೆಯವರು ಕಳಿಸುವ ಫೋಟೋದಲ್ಲಿ ಆ ಮನುಷ್ಯ ಯಾವುದೋ ಮದುವೆಯ ಪಂಕ್ತಿಯಲ್ಲಿ ಬಾಯಿಗೆ ತುತ್ತಿಡುತ್ತಿರುತ್ತಾನೆ, ಇಲ್ಲವೇ ಕುರಿಹಟ್ಟಿಯಲ್ಲಿ ಬನೀನು ಹಾಕಿಕೊಂಡು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿರುತ್ತಾನೆ. ನಾನು ಮುಖವನ್ನಷ್ಟೇ ಕತ್ತರಿಸಿ ನೀಲಿ ಕೋಟಿನ ಮೇಲೆ ಕೂರಿಸಿ, ಸುತ್ತ ಒಂದು ಹಾರ ಹಾಕುತ್ತೇನೆ. ಬದುಕಿರುವ ತನಕ ಕೋಟಿನ ಗುಂಡಿ ಮುಟ್ಟದ ಎಷ್ಟೋ ಜನ ನನ್ನ ಕೃಪೆಯಿಂದ ಅದೇ ಒಂದು ಕೋಟಿನಲ್ಲಿ ಹೋಗಿದ್ದಾರೆ. ನನ್ನ ಸರದಿ ಬಂದಾಗ ನನಗೂ ಅದೇ ಗತಿ. ಆ ಫೈಲು ಎಲ್ಲಿದೆ ಎಂದು ಹೆಂಡತಿ ಸರೋಜಳಿಗೆ ತೋರಿಸಿಟ್ಟಿದ್ದೇನೆ.

ಈ ಕೆಲಸಕ್ಕೆ ನನ್ನ ಮೇಜಿನ ಮೇಲೆ ಎರಡು ಮಾನಿಟರ್ ಇದ್ದವು. ಎಡಗಡೆಯದು ಗಿರಾಕಿಗಳ ಬೆಂಚಿನ ಕಡೆ ಮುಖ ಮಾಡಿತ್ತು. ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲ ಅದರಲ್ಲಿ. ಬಲಗಡೆಯದು ಗೋಡೆಯ ಕಡೆ ತಿರುಗಿತ್ತು. ಶ್ರದ್ಧಾಂಜಲಿ, ಉತ್ತರಕ್ರಿಯೆ, ಪುಣ್ಯಸ್ಮರಣೆ ಅದರಲ್ಲಿ. ಯಾರೂ ಮಾಡಿದ ನಿಯಮವಲ್ಲ ಇದು, ತಾನಾಗಿ ಬಂದದ್ದು. ಮಗಳ ಲಗ್ನಪತ್ರಿಕೆ ಮಾಡಿಸಲು ಅರಿಶಿನದ ಕೈಯಲ್ಲಿ ಬಂದವರಿಗೆ ಹೆಣದ ಫೋಟೋ ತೋರಿಸುವುದು ಯಾವ ನ್ಯಾಯ? ಎರಡು ಮಾನಿಟರ್‌ಗಳ ಅಂಚು ಸೇರುವಲ್ಲಿ ಹೆಬ್ಬೆರಳಷ್ಟು ಅಗಲದ ಕಪ್ಪು ಪಟ್ಟಿ ಇತ್ತು. ಅದರ ಆಚೆಗೆ ಸಾವು, ಈಚೆಗೆ ಮದುವೆ. ಲಾಕ್‌ಡೌನ್ ಆದ ಆ ಕಾಯಿಲೆಯ ವರ್ಷದಲ್ಲಿ ಎಷ್ಟೋ ತಿಂಗಳು ನಾನು ಎಡಗಡೆಯದನ್ನು ಹಚ್ಚಲೇ ಇಲ್ಲ. ಬಲಗಡೆಯದನ್ನು ಆರಿಸಲೂ ಇಲ್ಲ.

ಹೀಗೆ ನಡುವೆ ಕೂತು ಆ ಕಡೆ ಈ ಕಡೆ ತಿರುಗಿ ತಿರುಗಿ ನನ್ನ ಕತ್ತು ಕೆಟ್ಟಿತು. ಡಾಕ್ಟರ ಹತ್ತಿರ ಹೋದೆ. "ಯಾವ ಕಡೆ ನೋವು?" ಎಂದರು. "ಮಾಘ, ವೈಶಾಖದಲ್ಲಿ ಎಡಗಡೆ ಡಾಕ್ಟ್ರೇ. ಆಷಾಢದಲ್ಲಿ ಬಲಗಡೆ" ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ವಿಷಯವೆಲ್ಲ ವಿವರಿಸಿದ ಮೇಲೆ, ಮಾತ್ರೆ ಬರೆಯುವುದನ್ನು ಬಿಟ್ಟು, ಕತ್ತಿಗೊಂದು ಪಟ್ಟಿ ಹಾಕಿ, "ಎರಡೂ ತೆಗೆದು ಒಂದೇ ಅಗಲವಾದ ಪರದೆ ಇಟ್ಕೊಳ್ಳಿ, ಕತ್ತು ನೇರ ಇರುತ್ತೆ" ಎಂದರು. ಅಂದಿನಿಂದ ನಾನು ಅಲ್ಟ್ರಾವೈಡ್ ಎಂಬ ಹೊಸ ದೇವರ ಒಕ್ಕಲಾದೆ.

ಆರಿಸುವುದು ಸುಲಭ ಎಂದುಕೊಂಡಿದ್ದೆ. ಮಗಳಿಗೆ ಗಂಡು ಹುಡುಕುವವರು ನನ್ನ ಬೆಂಚಿನ ಮೇಲೆ ಕೂತು ಪಡುವ ಕಷ್ಟವೆಲ್ಲ ನನಗೇ ಬಂತು. ಇಪ್ಪತ್ತೊಂಬತ್ತು ಇಂಚಿನದು ನೋಡಿದರೆ ಎತ್ತರ ಕಡಿಮೆ. ಮೂವತ್ತನಾಲ್ಕರದು ನೋಡಿದರೆ ಮೇಜಿಗೆ ದೊಡ್ಡದು. ಬಾಗಿದ್ದು ಕಣ್ಣಿಗೆ ಹಿತ ಎಂದು ಒಬ್ಬ ಯೂಟ್ಯೂಬಿನಲ್ಲಿ ಹೇಳಿದರೆ, ಬಾಗಿದ್ದರಲ್ಲಿ ನೇರ ಗೆರೆ ಸೊಟ್ಟ ಕಾಣುತ್ತದೆ ಎಂದು ಇನ್ನೊಬ್ಬ. ಕಂಪ್ಯೂಟರ್ ಅಂಗಡಿಯವನು, "ಯಾವ ಗೇಮ್ ಆಡ್ತೀರಾ ಸಾರ್?" ಎಂದು ಕೇಳಿದ. ನನ್ನ ಕತ್ತಿನ ಪಟ್ಟಿಯನ್ನೂ ನೆರೆತ ತಲೆಯನ್ನೂ ನೋಡಿಯೂ ಹಾಗೆ ಕೇಳಿದನಲ್ಲ ಎಂದು ಒಳಗೊಳಗೇ ಸ್ವಲ್ಪ ಖುಷಿಯಾಯಿತು. "ಮದುವೆ, ಸಾವು" ಎಂದೆ. ಅವನು ಬೆಲೆಪಟ್ಟಿಯನ್ನು ನನ್ನ ಕಡೆ ಸರಿಸಿದ.

ಸಲಹೆ ಕೇಳಲು ಮೊಳಕಾಲ್ಮೂರಿಗೂ ಹೋದೆ. ಅಲ್ಲಿ ರೇಷ್ಮೆ ಸೀರೆ ವ್ಯಾಪಾರಿ ವೆಂಕಟೇಶಪ್ಪನವರು ನನ್ನ ಹಳೆಯ ಗಿರಾಕಿ. ನನ್ನ ಎರಡು ಮಾನಿಟರ್‌ಗಳ ಮೇಲೆ ಅವರಿಗೆ ಮೊದಲಿನಿಂದಲೂ ಸಿಟ್ಟು. ಅವರ ಕುಂಕುಮ ಬಣ್ಣದ ಸೀರೆ ಒಂದರಲ್ಲಿ ಇಟ್ಟಿಗೆಯಂತೆ, ಇನ್ನೊಂದರಲ್ಲಿ ದಾಸವಾಳದಂತೆ ಕಾಣುತ್ತಿತ್ತು. ಮೂವತ್ತನಾಲ್ಕು ಇಂಚು ಎಂದರೆ ಮೂಲೆಯಿಂದ ಮೂಲೆಗೆ ಅಳತೆ ಎಂದು ನಾನು ಹೇಳಿದಾಗ ಅವರು ಗದ್ದಿಗೆಯ ಮೇಲೆ ನೆಟ್ಟಗೆ ಕೂತರು. "ಏಮಪ್ಪಾ, ಓರೆಯಾಗಿ ಅಳೀತಾರಾ? ನಾನು ಸೀರೆ ಹಂಗೆ ಅಳೆದು ಕೊಟ್ರೆ ನಾಳೆ ಅಂಗಡಿ ಇರ್ತೈತಾ?" ಎಂದು ಟೇಪು ತೆಗೆದು, ಸೀರೆಯ ಡಬ್ಬಿಯ ಮೇಲೆ ಅಳತೆ ಹಾಕಿ ತೋರಿಸಿ, ಮಾನಿಟರ್ ಮಾರುವವರೆಲ್ಲ ಕಳ್ಳರು ಎಂದು ತೀರ್ಮಾನ ಕೊಟ್ಟರು. ಕೊನೆಗೆ, "ತಗಳ್ಳೋದಾದ್ರೆ ಬಾಗಿದ್ದು ಬ್ಯಾಡ. ನನ್ನ ಸೀರೆ ಅಂಚು ಸೊಟ್ಟ ಕಂಡ್ರೆ ನಾನು ಸುಮ್ನಿರಲ್ಲ" ಎಂದರು. ಹೀಗೆ ನೇರವಾದ, ಮೂವತ್ತನಾಲ್ಕು ಇಂಚಿನ ಪರದೆ ನನ್ನ ಅಂಗಡಿಗೆ ಬಂತು.

ಅದನ್ನು ಮೇಜಿನ ಮೇಲಿಟ್ಟ ದಿನ ನಾನು ಹೊಸ ಎತ್ತು ಕೊಂಡವನ ಹಾಗೆ ಅದರ ಸುತ್ತ ಓಡಾಡಿದೆ. ಎಡ ಅರ್ಧದಲ್ಲಿ ಲಗ್ನಪತ್ರಿಕೆ, ಬಲ ಅರ್ಧದಲ್ಲಿ ಶ್ರದ್ಧಾಂಜಲಿ, ನಡುವೆ ಏನೂ ಇಲ್ಲ. ಸರೋಜ ಬಂದು ನೋಡಿದಳು. "ಮಧ್ಯದ ಪಟ್ಟಿ ಇಲ್ವಲ್ರೀ" ಎಂದಳು. "ಅದನ್ನ ತೆಗ್ಯಾಕೇ ಅಲ್ವೇನೇ ಇಷ್ಟೆಲ್ಲ ಮಾಡಿದ್ದು" ಎಂದೆ. "ಬೆಂಚಿನ ಮ್ಯಾಲೆ ಕುಂತೋರಿಗೆ ಎಲ್ಲಾ ಕಾಣ್ತೈತೆ" ಎಂದಳು. ಗಿರಾಕಿ ಬಂದಾಗ ಬಲಗಡೆಯದನ್ನು ಮುಚ್ಚಿದರಾಯಿತು ಎಂದೆ. ನಾನು ಹೇಳಿದ ಮಾತನ್ನು ಎಷ್ಟು ದಿನ ಪಾಲಿಸುತ್ತೇನೆ ಎಂಬುದು ಅವಳಿಗೆ ಗೊತ್ತು. ಅವಳು ಒಳಗೆ ಹೋದಳು.

ಒಂದು ತಿಂಗಳೂ ಆಗಿರಲಿಲ್ಲ. ಬೆಳಿಗ್ಗೆ ಅಂಗಡಿ ತೆಗೆಯುತ್ತಿದ್ದಂತೆ ಮೊಬೈಲಿಗೆ ಒಂದು ಫೋಟೋ ಬಂತು. ಜೊತೆಗೆ ಬರೀ ಒಂದು ಹೆಸರು, ತಿಪ್ಪೇಸ್ವಾಮಿ. ಕೆಳಗೆ, "ಮೂರು ಗಂಟೆಗೆ ಮಣ್ಣು, ಅಷ್ಟೊತ್ತಿಗೆ ಬೇಕು, ಯಾರಾದ್ರೂ ಬಂದು ಒಯ್ತೀವಿ." ನಾನು ಮುಖ ಕತ್ತರಿಸಿ, ಕೋಟು ತೊಡಿಸಿ, ಹಾರ ಹಾಕಿ, ಹೆಸರು ಬರೆದು ಮುಗಿಸುವಷ್ಟರಲ್ಲಿ ಪರಶುರಾಂಪುರದಿಂದ ಗಂಡ ಹೆಂಡತಿ ಬಂದರು. ಬಸವರಾಜಪ್ಪ ಮತ್ತು ಪಾರ್ವತಮ್ಮ. ಶೇಂಗಾ ಬೆಳೆಯುವ ಕುಳ, ಮಾತಿನಲ್ಲಿ ಖಡಕ್ಕು. ಅವರ ಎರಡನೇ ಮಗಳ ಲಗ್ನಪತ್ರಿಕೆ ಹಿಂದಿನ ದಿನವೇ ಸಿದ್ಧವಾಗಿತ್ತು. ಬೆಂಚಿನ ಮೇಲೆ ಕೂರಿಸಿ, ಎಡ ಅರ್ಧದಲ್ಲಿ ಅದನ್ನು ತೆರೆದೆ. ಬಲ ಅರ್ಧವನ್ನು ಮುಚ್ಚುವುದು ಮರೆತೆ.

ಬಸವರಾಜಪ್ಪನವರು ಕಾರ್ಡನ್ನು ಮೇಲಿಂದ ಕೆಳಗೆ ಓದಿ, "ಸೋದರಮಾವನ ಹೆಸರಿಲ್ದೆ ಕಾರ್ಡು ಹೆಂಗ್ ಹಂಚಾದು? ಕಂಡ ಜನ ಏನಂತಾರೆ?" ಎಂದರು.

"ಏನಾರ ಅಂದ್ಕಳ್ಳಿ" ಎಂದರು ಪಾರ್ವತಮ್ಮ. "ಹಿರೇ ಮಗಳ ಮದ್ವೆಗೆ ಬಂದು ಉಣ್ಣದೆ ಎದ್ದು ಹೋದೋನು ಅವನು. ಎಂಟು ವರ್ಷ ಆತು, ನಮ್ ಹೊಸ್ಲು ತುಳಿದಿಲ್ಲ. ಅವನ ಹೆಸರು ಬ್ಯಾಡ."

"ನಿನ್ ಸಿಟ್ಟು ಬ್ಯಾರೆ, ಕಾರ್ಡು ಬ್ಯಾರೆ. ಹಾಕ್ರಿ ಸ್ವಾಮಿ, ತಿಪ್ಪೇಸ್ವಾಮಿ ಅಂತ."

ಇಲ್ಲಿ ನೀವು ನನ್ನನ್ನು ಬೈಯಬಹುದು. ಆದರೆ ನಮ್ಮ ಸೀಮೆಯ ಸಂಗತಿ ನಿಮಗೆ ಗೊತ್ತಿರಬೇಕು. ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ನಿಂತು ತಿಪ್ಪೇಸ್ವಾಮಿ ಎಂದು ಕೂಗಿದರೆ ಕಂಡಕ್ಟರ್ ಸಮೇತ ಆರು ಜನ ತಿರುಗಿ ನೋಡುತ್ತಾರೆ. ಆ ಹೆಸರನ್ನು ನನ್ನ ಜೀವಮಾನದಲ್ಲಿ ಎಷ್ಟು ಸಲ ಕುಟ್ಟಿದ್ದೇನೋ ಲೆಕ್ಕವಿಲ್ಲ. ಮತ್ತೆ ಕುಟ್ಟಲು ಬೇಸರ. ಬಲಗಡೆ ಫ್ಲೆಕ್ಸಿನಲ್ಲಿ ಅಚ್ಚುಕಟ್ಟಾಗಿ ಅದೇ ಹೆಸರು ಕೂತಿತ್ತು. ಮೌಸಿನಲ್ಲಿ ಅದನ್ನು ಹಿಡಿದು, ಸತ್ತವನ ಎದೆಯ ಕೆಳಗಿನಿಂದ ಎಳೆದುಕೊಂಡು ಬಂದು ಲಗ್ನಪತ್ರಿಕೆಯಲ್ಲಿ ಬಿಟ್ಟೆ. ನಡುವೆ ಪಟ್ಟಿ ಇಲ್ಲದ್ದರಿಂದ ಎಣ್ಣೆಯ ಮೇಲೆ ಜಾರಿದಂತೆ ಬಂತು. ಎಷ್ಟು ನಯ ಎಂದು ಆ ಗಳಿಗೆಯಲ್ಲೂ ಹೆಮ್ಮೆಪಟ್ಟೆ.

ಹೆಸರು ಎಲ್ಲಿಂದ ಬಂತು ಎಂದು ಪಾರ್ವತಮ್ಮನ ಕಣ್ಣು ಬಲಕ್ಕೆ ಹೋಯಿತು. ಅಲ್ಲೇ ನಿಂತಿತು.

"ಆ ಕೋಟು ಯಾರ್ದು?" ಎಂದರು.

ನನಗೆ ಅರ್ಥವಾಗಲಿಲ್ಲ. "ಅಂಗಡಿದೇ ಅಕ್ಕಾ" ಎಂದೆ.

"ನಮ್ಮಣ್ಣ ಜಲ್ಮದಾಗೆ ಕೋಟು ಹಾಕ್ದೋನಲ್ಲ" ಎಂದರು.

ಬಸವರಾಜಪ್ಪನವರು ಮೊಬೈಲು ತೆಗೆದು ಹೆಂಡತಿಯ ತವರು ಸಿದ್ದಾಪುರಕ್ಕೆ ಫೋನು ಹಚ್ಚಿದರು. ನಿಜವಾಗಿತ್ತು. ನಸುಕಿನಲ್ಲಿ ಹೊಲಕ್ಕೆ ಹೊರಟವರು ಬಾಗಿಲಲ್ಲೇ ಕುಸಿದಿದ್ದರು. ಮಾತಿಲ್ಲದ ಮನೆಗೆ ಯಾರು ತಿಳಿಸಬೇಕು ಎಂದು ಅವರವರೇ ಮುಖ ಮುಖ ನೋಡಿಕೊಳ್ಳುತ್ತಾ ಕೂತಿದ್ದರಂತೆ. ನಾನು ಪರದೆಯ ಸ್ವಿಚ್ಚನ್ನೇ ಒತ್ತಲು ಹೋದೆ. ಪಾರ್ವತಮ್ಮ ಕೈ ಅಡ್ಡ ಹಿಡಿದರು. ಅಳಲಿಲ್ಲ. "ಕೋಟು ತೆಗೀರಿ" ಎಂದರು. "ಬಿಳೇ ಅಂಗಿ, ಮ್ಯಾಲಿನ ಗುಂಡಿ ಹಾಕ್ಬ್ಯಾಡ್ರಿ. ಎಡ ಹೆಗಲ ಮ್ಯಾಲೆ ಟವೆಲ್ಲು. ಅಲ್ಲಲ್ಲ, ಅಷ್ಟು ನೆಟ್ಟಗಲ್ಲ, ಮುದುರಿ ಒಗೆದಂಗೆ."

ನಾನು ಹುಡುಕಿ ಹುಡುಕಿ ಹಾಕಿದೆ. ಅಷ್ಟು ದೊಡ್ಡ ಪರದೆಯಲ್ಲಿ ಒಬ್ಬ ಅಣ್ಣನನ್ನು ತಂಗಿ ಹೇಳಿದಂತೆ ತಿದ್ದುವುದು ಎಂಥ ಸಂಕಟ ಎಂದು ನಿಮಗೆ ಹೇಗೆ ಹೇಳಲಿ. ಪಕ್ಕದ ಅರ್ಧದಲ್ಲಿ ಮಗಳ ಮದುವೆ ಹಾಗೆಯೇ ತೆರೆದಿತ್ತು. ಅದನ್ನು ಮುಚ್ಚಬೇಕೆಂದು ಅವರಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ.

ಬಸ್ಸು ಕಾಯುವಷ್ಟು ಹೊತ್ತಿರಲಿಲ್ಲ. ಫ್ಲೆಕ್ಸ್ ತಂದುಕೊಡುತ್ತೇನೆ ಎಂದು ಆ ಮನೆಯವರಿಗೆ ಫೋನು ಮಾಡಿ, ನನ್ನ ಹಳೆಯ ಕಾರಿನಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಹೊರಟೆ. ಫ್ಲೆಕ್ಸಿನ ಸುರುಳಿ ಹಿಂದಿನ ಡಿಕ್ಕಿಯಲ್ಲಿ ಹಿಡಿಸಲಿಲ್ಲ. ಪಾರ್ವತಮ್ಮ ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಎರಡೂ ಕೈಯಲ್ಲಿ ಹಿಡಿದು ಕೂತರು. ಮೊಳಕಾಲ್ಮೂರು ದಾಟಿದೆವು. ಸಿದ್ದಾಪುರದ ಬಂಡೆಗಳು ಕಂಡಾಗ ಅವರು, "ಇಲ್ಲೇ ಕುರಿ ಹೊಡ್ಕಂಡು ಬರ್ತಿದ್ವಿ ಇಬ್ರೂನು" ಎಂದರು. ಆಮೇಲೆ ಅಳು ಬಂತು. ಮನೆಯ ಮುಂದೆ ಜನ ಎದ್ದು ದಾರಿ ಬಿಟ್ಟರು. ಅತ್ತಿಗೆ ಬಂದು ತಬ್ಬಿಕೊಂಡರು. ಹೆಣ ಇನ್ನೂ ಎತ್ತಿರಲಿಲ್ಲ. ಮುಖ ನೋಡಲು ಸಿಕ್ಕಿತು.

ಮಾರನೇ ದಿನ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸ, ಎಲೆಕ್ಟ್ರಿಕಲ್ ಅಂಗಡಿಯಿಂದ ಕಪ್ಪು ಇನ್ಸುಲೇಷನ್ ಟೇಪು ತಂದು, ಪರದೆಯ ಮಧ್ಯಕ್ಕೆ ಮೇಲಿಂದ ಕೆಳಗೆ ಅಂಟಿಸಿದ್ದು. ತಿಂಗಳುಗಟ್ಟಲೆ ಹುಡುಕಿ, ಡಾಕ್ಟರನ್ನು ಕೇಳಿ, ಮೊಳಕಾಲ್ಮೂರಿನ ತನಕ ಹೋಗಿ ತೆಗೆಸಿಹಾಕಿದ್ದ ಪಟ್ಟಿಯನ್ನು ನನ್ನ ಕೈಯಾರೆ ವಾಪಸು ತಂದೆ. ಬಲ ಅರ್ಧಕ್ಕೆ ಬೆಂಚಿನ ಕಡೆಯಿಂದ ಒಂದು ರಟ್ಟನ್ನೂ ಅಡ್ಡ ನಿಲ್ಲಿಸಿದೆ. ಸರೋಜ ನೋಡಿ, ಉಳಿದ ಟೇಪನ್ನು ಎತ್ತಿ ಡ್ರಾಯರಿಗೆ ಹಾಕಿದಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ತಿಥಿ ಮುಗಿದ ಮೇಲೆ ಪಾರ್ವತಮ್ಮ ಒಬ್ಬರೇ ಬಂದರು. ಮದುವೆ ನಿಲ್ಲಿಸುವುದು ಬೇಡ ಎಂದು ಅತ್ತಿಗೆಯೇ ಹೇಳಿದ್ದರಂತೆ. ಬೆಂಚಿನ ಮೇಲೆ ಕೂತು ಪರದೆಯನ್ನು ನೋಡಿ, "ಇದೇನು ಕರೇ ಪಟ್ಟಿ?" ಎಂದರು. ಯಾರಿಗೂ ಹಂಗಾಗಬಾರದು ಅಂತ ಹಾಕಿದ್ದೇನೆ ಎಂದೆ.

"ಇದು ಮೊದ್ಲೇ ಇದ್ದಿದ್ರೆ ನಾನು ಅಣ್ಣನ ಮುಖ ನೋಡ್ತಿದ್ನಾ?" ಎಂದವರೇ ಎದ್ದು ಬಂದು, ರಟ್ಟು ಸರಿಸಿ, ಉಗುರಿನಲ್ಲಿ ಟೇಪಿನ ತುದಿ ಎಬ್ಬಿಸಿ ಪರ್ರನೆ ಕಿತ್ತರು. ಗೋಂದು ಪರದೆಯ ಮೇಲೆಯೇ ಉಳಿಯಿತು. "ಈಗ ಹಾಕ್ರಿ. ದಿವಂಗತ ತಿಪ್ಪೇಸ್ವಾಮಿ. ಎಲ್ಲಾರಿಗಿಂತ ಮ್ಯಾಲೆ ಬರ್ಬೇಕು. ಹೋದ ಸಲ ಕೆಳಗೆ ಹೋಗಿದ್ದಕ್ಕೇ ಅಲ್ರಾ ಅವನು ಉಣ್ಣದೆ ಎದ್ದಿದ್ದು."

"ಹೋದ ಸಲ ಅಂದ್ರೆ?"

"ಹಿರೇ ಮಗಳ ಕಾರ್ಡಿನಾಗೆ. ನಾವು ಮ್ಯಾಲೇ ಬರ್ಕೊಟ್ಟಿದ್ವಿ. ಕಾರ್ಡು ನೋಡಿದ್ರೆ ಚಿಗಪ್ಪನ ಮಕ್ಕಳ ಕೆಳಗೆ ಬಂದಿತ್ತು. ಬೇಕಂತ ಮಾಡೀಯಾ ಅಂದ. ಅಲ್ಲ ಅಂದ್ರೂ ನಂಬ್ಲಿಲ್ಲ."

ಹಳೆಯ ಫೈಲುಗಳನ್ನು ನಾನು ಅಳಿಸುವುದಿಲ್ಲ. ಹುಡುಕಿದೆ, ಸಿಕ್ಕಿತು. ನನ್ನದೇ ಕೆಲಸ. ಲಗ್ನಪತ್ರಿಕೆಯಲ್ಲಿ ಬಂಧುಗಳ ಹೆಸರನ್ನು ನಾನು ಉದ್ದ ನೋಡಿ ಜೋಡಿಸುತ್ತೇನೆ. ಉದ್ದದವು ಮೇಲೆ, ಗಿಡ್ಡವು ಕೆಳಗೆ, ಕೊನೆಗೆ ಹಣತೆಯಂತೆ ಒಂದು ಆಕಾರ ಬರಬೇಕು. ಇಡೀ ತಾಲೂಕಿನಲ್ಲಿ ಅಷ್ಟು ಅಂದವಾಗಿ ಯಾರೂ ಮಾಡುವುದಿಲ್ಲ ಎಂಬ ಜಂಬ ಬೇರೆ. ಚಿಗಪ್ಪನ ಮಕ್ಕಳಿಗೆ ಹೆಸರಿನ ಮುಂದೆ ಊರು, ಹುದ್ದೆ ಎಲ್ಲ ಇತ್ತು. ತಿಪ್ಪೇಸ್ವಾಮಿಗೆ ಬರೀ ತಿಪ್ಪೇಸ್ವಾಮಿ. ಅಂದಕ್ಕೆಂದು ನಾನೇ ಎತ್ತಿ ಕೆಳಗಿಟ್ಟಿದ್ದೆ.

ಪಾರ್ವತಮ್ಮ ನನ್ನ ಮುಖ ನೋಡುತ್ತಿದ್ದರು. ಹೇಳಬೇಕಿತ್ತು. ಬಾಯಿ ತೆರೆದೆ.

"ಆಗ ಪರದೆ ಚಿಕ್ಕದಿತ್ತು ಅಕ್ಕಾ" ಎಂದೆ.

ಅವರು ತಲೆಯಾಡಿಸಿದರು. "ಹೋಗ್ಲಿ ಬಿಡ್ರಿ, ಈಗ ದೊಡ್ಡದು ತಂದೀರಲ್ಲ" ಎಂದರು. ನನ್ನ ಮೇಲೆ ಅವರಿಗೆ ಒಂದಿಷ್ಟೂ ಸಿಟ್ಟಿರಲಿಲ್ಲ. ನಾನು ಅಚ್ಚು ತೆಗೆದುಕೊಟ್ಟ ಕಾರ್ಡು ಕಣ್ಣಿಗೆ ಹತ್ತಿರ ಹಿಡಿದು, ಅಣ್ಣನ ಹೆಸರು ಮೇಲೆಯೇ ಇದೆ ಎಂದು ಎರಡು ಸಲ ನೋಡಿಕೊಂಡು ಬಸ್ಸಿಗೆ ಹೋದರು.

ನನ್ನ ಕತ್ತು ನೋವು ಈಗ ಕಡಿಮೆಯಾಗಿದೆ. ಪರದೆಯ ಮಧ್ಯದ ಗೋಂದಿಗೆ ಧೂಳು ಹತ್ತಿ ಮೇಲಿಂದ ಕೆಳಗೆ ಒಂದು ಬೂದು ಗೆರೆ ನಿಂತಿದೆ. ಸ್ಪಿರಿಟ್ಟಿನಲ್ಲಿ ಒರೆಸಿ ಎನ್ನುತ್ತಾಳೆ ಸರೋಜ, ವಾರಂಟಿ ಹೋಗುತ್ತದೆ ಎಂದು ಅವಳಿಗೂ ಒಂದು ಸುಳ್ಳು ಹೇಳಿದ್ದೇನೆ. ಯಾರ ಹೆಸರು ಎಲ್ಲಿ ಬರೆದುಕೊಟ್ಟಿರುತ್ತಾರೋ ಈಗ ಅಲ್ಲೇ ಹಾಕುತ್ತೇನೆ, ಆಕಾರ ಹೇಗೆ ಬೇಕಾದರೂ ಬರಲಿ. ಹೊಸ ಮಾನಿಟರ್ ಬಂದ ಮೇಲೆ ನಿಮ್ಮ ಕೆಲಸ ಸುಧಾರಿಸಿದೆ ಎಂದು ಗಿರಾಕಿಗಳು ಹೊಗಳುತ್ತಾರೆ, ನಾನೂ ಹೌದೆನ್ನುತ್ತೇನೆ. ಪರದೆ ದೊಡ್ಡದಾಗಿದ್ದು ನಿಜ. ಲಗ್ನಪತ್ರಿಕೆ ಮಾತ್ರ ಆಗಲೂ ಈಗಲೂ ಅಷ್ಟೇ ಉದ್ದ, ಅಷ್ಟೇ ಅಗಲ.